ಬಾಯಿಲೆಕ್ಕದ ಒಂದು ನಿಮಿಷ

೬ ಮಾರ್ಚ್

ಇಲಿಮರಿ,

ನೀನು ಕಳಿಸಿದ ಪೆಟ್ಟಿಗೆ ನಿನ್ನೆ ಬಂತು. ಬಿಚ್ಚಿ ನೋಡಿದರೆ ಮರದ ತುಂಡುಗಳು, ಮಕ್ಕಳ ಆಟದ ಸಾಮಾನಿನ ಹಾಗೆ. "ನಿನ್ನ ತಂಗಿ ದೊಡ್ಡಾಸ್ಪತ್ರೆ ಸೇರಿ ಹನ್ನೊಂದು ವರ್ಷ ಆಯ್ತು. ಕಲ್ತಿದ್ದು ಇದೇನಾ?" ಎಂದು ನಿನ್ನ ಭಾವ ನಕ್ಕರು. ಜನವರಿ ಹನ್ನೊಂದರ ಆಮೇಲೆ ಅವರು ನಕ್ಕಿದ್ದು ಅದೇ ಮೊದಲು. ಆವತ್ತು ನಮ್ಮ ಫೋಟೋ ಸ್ಟುಡಿಯೋದಲ್ಲಿ ನೆಗೆಟಿವ್ ಟಚಿಂಗ್ ಮಾಡುತ್ತಾ, ಮುಖದ ಕಲೆ ತಿದ್ದುತ್ತಾ ಕೂತವರ ಎಡಗೈಯಿಂದ ಕುಂಚ ಜಾರಿ ಬಿತ್ತು, ಹಿಂದೆಯೇ ಅವರೂ ಬಿದ್ದರು. ಸಾಯುವವರನ್ನು ಆಸ್ಪತ್ರೆಯವರು ಉಳಿಸಿಕೊಟ್ಟರು. ಕಾಲು ಎಳೆಯುತ್ತಾ ನಡೆಯುತ್ತಾರೆ, ಮಾತು ನೆಟ್ಟಗಿದೆ. ಆದರೆ ಎಡಚರಿಗೆ ಎಡಗೈಯೇ ಹೋದರೆ ಉಳಿದದ್ದೇನು ಹೇಳು.

ನೀನು ಬರೆದ ಹಾಗೇ ಮಾಡಿದೆ. ತುಂಡುಗಳನ್ನೆಲ್ಲ ಪೆಟ್ಟಿಗೆಯ ಒಂದು ಪಕ್ಕಕ್ಕೆ ಸುರಿದೆ. ಅವರು ಎಡಗೈಯಿಂದ ಒಂದೊಂದನ್ನೇ ಎತ್ತಿ, ನಡುವಿನ ಹಲಗೆ ದಾಟಿಸಿ, ಆಚೆಗೆ ಬೀಳಿಸಬೇಕು, ಒಂದು ನಿಮಿಷದಲ್ಲಿ ಎಷ್ಟಾದರೆ ಅಷ್ಟು. ನನ್ನ ಒಂದು ಕೈ ಪೆಟ್ಟಿಗೆ ಅಲುಗದಂತೆ ಹಿಡಿದಿತ್ತು, ಇನ್ನೊಂದು ಅವರ ಹೆಗಲನ್ನು ಕುರ್ಚಿಗೆ ಒತ್ತಿ ಹಿಡಿದಿತ್ತು. ಗಡಿಯಾರ ಹಿಡಿಯಲು ಮೂರನೇ ಕೈ ಎಲ್ಲಿಂದ ತರಲಿ? ಬಾಯಲ್ಲೇ ಅರವತ್ತು ಎಣಿಸಿದೆ. ಡಾರ್ಕ್‌ರೂಮಿನ ಕತ್ತಲಲ್ಲಿ ಇಪ್ಪತ್ತೆರಡು ವರ್ಷ ಸೆಕೆಂಡು ಎಣಿಸಿದ ಬಾಯಿ ಇದು. ನಾನು ತೆಗೆದ ಪ್ರಿಂಟಿನಲ್ಲಿ ಇವತ್ತಿನವರೆಗೆ ಯಾರ ಮುಖವೂ ಕಪ್ಪಾಗಿಲ್ಲ.

ಹತ್ತು ತುಂಡು ಬಂತು. ಹತ್ತು ಅಂದರೆ ಎಷ್ಟು, ಒಳ್ಳೆಯದೋ ಕೆಟ್ಟದ್ದೋ, ಬೇಗ ಬರೆ.

ನಿನ್ನ ಅಕ್ಕ


೧೫ ಮಾರ್ಚ್

ಅಕ್ಕಾ,

ಹತ್ತು ಕೆಟ್ಟದ್ದಲ್ಲ. ಮೂರು, ನಾಲ್ಕಕ್ಕೆ ನಿಂತವರನ್ನು ದಿನಾ ನೋಡುತ್ತೇನೆ. ಗಟ್ಟಿಮುಟ್ಟಾದ ಗಂಡಸಿಗೆ ಎಪ್ಪತ್ತರ ಹತ್ತಿರ ಬರುತ್ತದೆ, ಅದನ್ನು ಮಾತ್ರ ಭಾವನಿಗೆ ಹೇಳಬೇಡ. ಬೆರಳು ಬಿಡಿಸಲು ಆಗುತ್ತದೆ, ಮಣಿಕಟ್ಟು ಸ್ವಲ್ಪ ಮೇಲೆ ಏಳುತ್ತದೆ ಎಂದು ಹಿಂದೊಮ್ಮೆ ಬರೆದಿದ್ದೆಯಲ್ಲ, ಅದೇ ದೊಡ್ಡ ಮಾತು.

ನಮ್ಮಲ್ಲಿ ಒಂದು ತರಬೇತಿ ವಾರ್ಡು ಇದೆ, ಎಂಟೇ ಜಾಗ. ಮೂರು ವಾರ ಚೆನ್ನಾಗಿರುವ ಕೈಯನ್ನು ಚೀಲದಲ್ಲಿ ಕಟ್ಟಿಹಾಕಿ, ದಿನಕ್ಕೆ ಆರು ಗಂಟೆ ಸೋತ ಕೈಯಿಂದಲೇ ಎಲ್ಲ ಕೆಲಸ ಮಾಡಿಸುತ್ತೇವೆ. ಸ್ಟ್ರೋಕ್ ಆದ ಆರು ತಿಂಗಳೊಳಗೆ ಸೇರಬೇಕು. ಭಾವನಿಗೆ ಜುಲೈ ಹನ್ನೊಂದು ಕಡೆಯ ದಿನ. ಹೆಸರು ಬರೆಸಿದ್ದೇನೆ. ಯಾರಿಗೆ ಕೊಡಬೇಕು ಎಂದು ಆರಿಸುವುದಕ್ಕೆ ಬೇರೆ ನಿಯಮಗಳಿವೆ, ಅವನ್ನು ಮನೆಯವರಿಗೆ ಹೇಳುವ ಹಾಗಿಲ್ಲ. ಹೇಳಿದರೆ ಲೆಕ್ಕ ತಿರುಚಿ ಕಳಿಸುತ್ತಾರೆ.

ನಿನಗೆ ಗಡಿಯಾರ ಯಾಕೆ ಅಕ್ಕಾ. ಒಂಬತ್ತು ವರ್ಷದವಳು ನಿನ್ನ ಮನೆಗೆ ಬಂದಾಗ ನಿನ್ನ ಕಣ್ಣು ಮುಚ್ಚಿಸಿ, ಗಡಿಯಾರ ಹಿಡಿದು, ಎಷ್ಟು ಸಲ ಪರೀಕ್ಷೆ ಮಾಡಿ ಸೋತಿದ್ದೇನೆ. ಹಾಗೇ ಎಣಿಸು. ಪ್ರತಿ ಭಾನುವಾರ ಅಳೆ, ತಿಂಗಳಿಗೊಮ್ಮೆ ನನಗೆ ಬರೆ.

ತಂಗಿ


೧೯ ಏಪ್ರಿಲ್

ಇಲಿಮರಿ,

ಹದಿಮೂರು! ಹೋದ ಭಾನುವಾರ ಹನ್ನೆರಡಿತ್ತು. ಕೆಳಗಿನ ಮನೆಯ ನರ್ಸಮ್ಮನನ್ನು ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡು ಹೇಳಿದೆ. "ನಿಮ್ಮ ಮುಖ ನೋಡಿದ್ರೆ ನಿಮಗೇ ಕೈ ಬಂದ ಹಾಗಿದೆ ಅಕ್ಕಾ" ಎಂದರು. ಹೌದು, ನನಗೇ ಬಂದಿದೆ.

ಸ್ಟುಡಿಯೋಗೆ ಟಚಿಂಗಿಗೆ ಬಂದದ್ದನ್ನೆಲ್ಲ ವಾಪಸ್ಸು ಕಳಿಸುತ್ತಿಲ್ಲ, ಸ್ವಲ್ಪ ತಡವಾಗುತ್ತದೆ ಎಂದಷ್ಟೇ ಹೇಳಿ ಇಟ್ಟುಕೊಳ್ಳುತ್ತಿದ್ದೇನೆ. ಒಂದು ಶಾಲೆಯ ಗ್ರೂಪ್ ಫೋಟೋ ಇದೆ. ಹೆಡ್‌ಮಾಸ್ಟರು ಸರಿಯಾಗಿ ಕ್ಲಿಕ್ ಮಾಡುವ ಹೊತ್ತಿಗೆ ಕಣ್ಣು ಮುಚ್ಚಿದ್ದಾರೆ. ಮುಚ್ಚಿದ ರೆಪ್ಪೆಯ ಮೇಲೆ ಕಣ್ಣು ಬರೆಯಲು ನಿನ್ನ ಭಾವನನ್ನು ಬಿಟ್ಟರೆ ಇನ್ಯಾರಿದ್ದಾರೆ. "ಇನ್ನೆರಡು ತಿಂಗಳು ಅವ್ರು ನಿದ್ದೆ ಮಾಡ್ಲಿ ಬಿಡು" ಎಂದರು.

ಅವರು ಈಚೆಗೆ ಸ್ವಲ್ಪ ಮೌನ. ಆಯಾಸವಿರಬೇಕು. ಸೀಟು ಎಂದು ಸಿಗುತ್ತದೆ?

ನಿನ್ನ ಅಕ್ಕ


೧೭ ಮೇ

ಇಲಿಮರಿ,

ಹದಿನಾರು. ಬೇರೇನೂ ಬರೆಯುವುದಿಲ್ಲ, ಇದೊಂದೇ ಸಾಕು. ಸೀಟಿನ ವಿಷಯ ನೀನು ಬಾಯಿ ಬಿಡುತ್ತಿಲ್ಲ.

ಅಕ್ಕ


೨೬ ಮೇ

ಅಕ್ಕಾ,

ಹದಿನಾರು ಓದಿ ಬಹಳ ಸಂತೋಷವಾಯಿತು. ನಮ್ಮ ದೊಡ್ಡ ಡಾಕ್ಟರಿಗೂ ತೋರಿಸಿದೆ. "ಮನೆಯಲ್ಲೇ ಇಷ್ಟು ಏರ್ತಿದೆ ಅಂದ್ರೆ ನಿಮ್ಮಕ್ಕನ್ನ ಇಲ್ಲಿಗೆ ಕೆಲಸಕ್ಕೆ ಕರ್ಕೊಳ್ಬೇಕು" ಎಂದರು.

ಸೀಟಿನ ಪಟ್ಟಿ ಉದ್ದ ಇದೆ. ನೋಡೋಣ. ನೀನು ಮಾಡುತ್ತಿರುವುದನ್ನೇ ಮಾಡುತ್ತಿರು. ನನಗಿಲ್ಲಿ ಕೆಲಸ ತುಂಬಾ, ಚಿಕ್ಕ ಪತ್ರಕ್ಕೆ ಬೇಜಾರು ಮಾಡಿಕೊಳ್ಳಬೇಡ.

ತಂಗಿ


೮ ಜೂನ್

ಇಲಿಮರಿ,

ನಿನ್ನೆ ಹದಿನೇಳು ಬಂತು. ಆದರೆ ಇವತ್ತು ಬರೆಯುವುದು ಅದನ್ನಲ್ಲ. ಇಷ್ಟು ದಿನ ನಿನ್ನಿಂದ ಮುಚ್ಚಿಟ್ಟಿದ್ದೆ, ಇನ್ನು ಆಗುವುದಿಲ್ಲ.

ಇವತ್ತು ಬೆಳಿಗ್ಗೆ ಅಂಗಿಯ ಬಟನ್ ತಾವೇ ಹಾಕಿಕೊಳ್ಳುತ್ತೇನೆಂದು ಕನ್ನಡಿ ಮುಂದೆ ನಿಂತರು. ನಾನು ಅಡುಗೆಮನೆಯಿಂದ ನೋಡುತ್ತಿದ್ದೆ. ಒಂದೇ ಒಂದು ಬಟನ್. ಬೆರಳು ಅದರ ಹತ್ತಿರ ಹೋಗುತ್ತದೆ, ಹಿಡಿಯುತ್ತದೆ, ತೂತಿಗೆ ತರುವಷ್ಟರಲ್ಲಿ ಬಿಡುತ್ತದೆ. ನಾನು ಅನ್ನಕ್ಕೆ ಇಟ್ಟ ನೀರು ಕುದಿದು ಅರ್ಧವಾಯಿತು. ಕೊನೆಗೆ ಬಲಗೈಯಿಂದ ಅಂಗಿಯನ್ನು ಹಿಡಿದು ಹರಿದು ಬಿಸಾಕಿದರು. ಅದೇ ಮೊದಲ ಅಂಗಿಯಲ್ಲ, ಮೂರನೆಯದು. ಸ್ಟುಡಿಯೋಗೆ ಬರುವುದನ್ನು ಏಪ್ರಿಲ್‌ನಲ್ಲೇ ನಿಲ್ಲಿಸಿದ್ದಾರೆ. ಊಟ ತಟ್ಟೆಯಲ್ಲೇ ಉಳಿಯುತ್ತದೆ. ಭಾನುವಾರ ಪೆಟ್ಟಿಗೆಯ ಮುಂದೆ ಮಾತ್ರ ಬಂದು ಕೂರುತ್ತಾರೆ, ಹೇಳಿದ್ದು ಮಾಡಿ ಎದ್ದು ಹೋಗುತ್ತಾರೆ.

ನೀನು ಓದಿದವಳು, ಹೇಳು. ಒಂದು ನಿಮಿಷಕ್ಕೆ ಹದಿನೇಳು ತುಂಡು ಎತ್ತುವ ಕೈಗೆ ಒಂದು ಬಟನ್ ಹಾಕಲು ಯಾಕೆ ಆಗುವುದಿಲ್ಲ?

ಅಕ್ಕ


೧೩ ಜೂನ್

ಅಕ್ಕಾ,

ಪತ್ರ ತಲುಪಿದ ತಕ್ಷಣ ಒಂದು ಕೆಲಸ ಮಾಡು. ಈ ಸಲ ನೀನು ಎಣಿಸಬೇಡ. ನರ್ಸಮ್ಮನನ್ನು ಮೇಲೆ ಕರೆ, ಅವರು ಕೈಗಡಿಯಾರ ನೋಡಿ ಶುರು ಹೇಳಲಿ, ಸಾಕು ಹೇಳಲಿ. ಮೂರು ಸಲ ಮಾಡಿಸು, ನಡುವೆ ಭಾವ ಸುಧಾರಿಸಿಕೊಳ್ಳಲಿ. ಮೂರನ್ನೂ ಹಾಗೆ ಹಾಗೇ ಬರೆದು ಕಳಿಸು. ತಡ ಮಾಡಬೇಡ.

ತಂಗಿ


೨೨ ಜೂನ್

ಇಲಿಮರಿ,

ಹತ್ತು. ಹತ್ತು. ಒಂಬತ್ತು.

ಮೊದಲ ಸಲ ಹತ್ತು ಬಂದಾಗ ನರ್ಸಮ್ಮನಿಗೆ ಬೈದೆ. "ನಿಮ್ಮ ವಾಚು ಓಡ್ತಿದೆ" ಎಂದೆ. ಪಾಪ, ಅವರು ವಾಚು ಬಿಚ್ಚಿ ನನ್ನ ಕೈಗೇ ಕೊಟ್ಟರು. ಎರಡನೇ ಸಲ ನಾನೇ ಹಿಡಿದೆ. ಮೂರನೇ ಸಲ ವಾಚನ್ನು ಅವರಿಗೇ ವಾಪಸ್ಸು ಕೊಟ್ಟೆ.

ಅವರು ಹೋದ ಮೇಲೆ ಗೋಡೆ ಗಡಿಯಾರದ ಕಡೆ ತಿರುಗಿ ನಿಂತು ಒಬ್ಬಳೇ ಎಣಿಸಿ ನೋಡಿದೆ. ಅರವತ್ತಕ್ಕೆ ಅರವತ್ತು, ಚೂರೂ ಆಚೀಚೆ ಇಲ್ಲ. ಆಮೇಲೆ ಇವರನ್ನು ಕೂರಿಸಿ ಎಂದಿನ ಹಾಗೆ ಎಣಿಸಿದೆ, ಈ ಸಲ ಗಡಿಯಾರ ನೋಡುತ್ತಾ. ನನ್ನ ಬಾಯಿ ಅರವತ್ತು ಮುಟ್ಟುವಾಗ ನೂರು ಸೆಕೆಂಡು ಆಗಿತ್ತು. ಆಗ ನನಗೇ ಕೇಳಿಸಿತು ಕಣೇ. ಅವರ ಬೆರಳಲ್ಲಿ ತುಂಡು ಹಲಗೆಯ ಮೇಲೆ ತೂಗಾಡುತ್ತಿರುವಾಗ ಮುಂದಿನ ಸಂಖ್ಯೆ ನನ್ನ ನಾಲಿಗೆಯಿಂದ ಏಳುವುದೇ ಇಲ್ಲ. ಅದು ಆಚೆ ಬಿದ್ದ ಮೇಲೆ ಏಳುತ್ತದೆ. ಮಾರ್ಚಿನಲ್ಲಿ ನನಗೆ ಆಸೆ ಇರಲಿಲ್ಲ, ಅದಕ್ಕೇ ಲೆಕ್ಕ ಸರಿಯಾಗಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಹಾಗೆ ಮುದ್ದು ಮಾಡಿ ಮಾಡಿ ನನ್ನ ನಿಮಿಷವನ್ನೇ ಬೆಳೆಸಿಬಿಟ್ಟೆ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಇವರಿಗೆ ಗೊತ್ತಿತ್ತು.

"ನನ್ನೆದುರಿಗೇ ಗೋಡೆ ಗಡಿಯಾರ ಇದೆ ಕಣೇ. ನೀನು ಅದಕ್ಕೆ ಬೆನ್ನು ಹಾಕಿ ಕೂರ್ತೀಯ" ಎಂದರು.

"ಯಾವಾಗ್ಲಿಂದ ಗೊತ್ತು?"

"ಏಪ್ರಿಲ್ಲಿಂದ."

"ಒಂದು ಮಾತು ಹೇಳ್ಬಾರ್ದಿತ್ತಾ ರೀ?"

"ಹದಿಮೂರು ಅಂತ ಬರ್ಕೊಂಡು ಎದ್ದೆ ನೋಡು, ಆಗ ನಿನ್ನ ಮುಖ ನೋಡಿದೆ. ಹೇಳೋಕೆ ಬಾಯಿ ಬರಲಿಲ್ಲ."

ನಾನು ಅವರನ್ನು ಹೊಡೆದೆ. ಎಡ ಹೆಗಲಿಗೇ ಹೊಡೆದೆ, ನೋವು ಆಗುವುದಿಲ್ಲವಲ್ಲ ಎಂದು. ಆದರೆ ಆಯಿತಂತೆ. ಅದಕ್ಕೂ ನಾನು ಸಂತೋಷಪಟ್ಟೆ ನೋಡು, ಎಂಥಾ ಹೆಂಗಸು ನಾನು.

ಜುಲೈ ಹನ್ನೊಂದಕ್ಕೆ ಇನ್ನೂ ಹತ್ತೊಂಬತ್ತು ದಿನ ಇದೆ. ಸೀಟು ಕೊಡಿಸು. ನಾಳೆ ಹೊರಡು ಎಂದರೆ ನಾಳೆ ಹೊರಡುತ್ತೇವೆ. ನಿನ್ನ ಕಾಲು ಹಿಡಿಯುತ್ತೇನೆ.

ಅಕ್ಕ


೨೭ ಜೂನ್

ಅಕ್ಕಾ,

ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದೆ.

ಆ ನಿಯಮ ಏನೆಂದು ಈಗ ಹೇಳುತ್ತೇನೆ. ಬೆರಳಿನಲ್ಲಿ ಸ್ವಲ್ಪ ಚಲನೆ ಇದ್ದು, ಮನೆಯಲ್ಲಿ ಎಷ್ಟು ಮಾಡಿದರೂ ಸಂಖ್ಯೆ ಏರದೆ ನಿಂತುಹೋದವರಿಗೆ ಮಾತ್ರ ಸೀಟು. ತಾನಾಗಿ ಏರುತ್ತಿರುವವರಿಗೆ ಇಲ್ಲ, ಯಾಕೆಂದರೆ ಅವರಿಗೆ ವಾರ್ಡಿನ ಅಗತ್ಯವಿಲ್ಲ. ಭಾವನ ಹೆಸರು ಪಟ್ಟಿಯಲ್ಲಿ ನಾಲ್ಕನೆಯದಿತ್ತು. ನಿನ್ನ ಹದಿನಾರು ಬಂದ ಮೇಲೆ, ಮೇ ಇಪ್ಪತ್ತನಾಲ್ಕರಂದು, ಆ ಹೆಸರನ್ನು ಹೊಡೆದುಹಾಕಿದೆ. ಯಾರೂ ಹೇಳಲಿಲ್ಲ, ಹೊಡೆದದ್ದು ನನ್ನ ಪೆನ್ನು. ಸ್ವಂತ ಭಾವನನ್ನು ತೆಗೆದು ಬೇರೆಯವರಿಗೆ ಜಾಗ ಬಿಟ್ಟೆ ಎಂದು ಆವತ್ತು ಒಳಗೊಳಗೇ ಹೆಮ್ಮೆಯೂ ಪಟ್ಟೆ. ನಿನಗೆ ತಿಳಿಸಲಿಲ್ಲ. ಹೇಗೂ ಕೈ ಬರುತ್ತಿದೆ, ಹೇಳಿ ನೋಯಿಸುವುದೇಕೆ ಎಂದುಕೊಂಡೆ.

ಇನ್ನೊಂದಿದೆ. ನಮ್ಮ ರಿಜಿಸ್ಟರಿನಲ್ಲಿ ಸಮಯ ಯಾವುದರಿಂದ ಅಳೆದದ್ದು ಎಂದು ಬರೆಯುವ ಜಾಗವಿದೆ. ನೀನು ಬಾಯಲ್ಲಿ ಎಣಿಸುತ್ತೀ ಎಂದು ಗೊತ್ತಿದ್ದೂ ಅಲ್ಲಿ 'ಗಡಿಯಾರ' ಎಂದು ಬರೆದೆ, ಮೂರು ತಿಂಗಳೂ ಬರೆದೆ. ಬೇರೆ ಯಾರ ಮನೆಯಿಂದಲೇ ಬಾಯಿಲೆಕ್ಕ ಬಂದಿದ್ದರೂ ಅದನ್ನು ತಿರುಗಿ ಕಳಿಸುತ್ತಿದ್ದೆ. ನಿನ್ನದು ಎಂದು ನಂಬಿದೆ.

ಈಗಿನ ಗುಂಪು ಶುರುವಾಗಿ ಹತ್ತು ದಿನವಾಗಿದೆ. ಮುಂದಿನದು ಆಗಸ್ಟಿನಲ್ಲಿ, ಅಷ್ಟರಲ್ಲಿ ಭಾವನಿಗೆ ಆರು ತಿಂಗಳು ಮೀರಿರುತ್ತದೆ. ದೊಡ್ಡ ಡಾಕ್ಟರ ಮುಂದೆ ಎಲ್ಲ ಹೇಳಿಕೊಂಡೆ. ಅವರು ಬಯ್ಯಲಿಲ್ಲ. "ನಾಳೆಯಿಂದ ಅಳೆಯೋ ಮೇಜಿಗೆ ಬೇರೆಯವರು ಕೂರ್ತಾರೆ" ಎಂದರು ಅಷ್ಟೇ.

ನನ್ನನ್ನು ಕ್ಷಮಿಸು ಎಂದು ಬರೆಯಲು ಧೈರ್ಯವಿಲ್ಲ.

ತಂಗಿ


೨ ಜುಲೈ

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಪರರು ತಟ್ಟಿ ಬೀಳಿಸಿದ್ದರೆ ಸಹಿಸುತ್ತಿದ್ದೆ. ನೀನು ಬೀಳಿಸಿದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳಲಿ.

ನಿನ್ನನ್ನು ಶಾಲೆಗೆ ಕರೆದುಕೊಂಡು ಹೋದ ಕೈ ಅದು. ನೀನು ಸೈಕಲ್ ಕಲಿಯುವಾಗ ಸೀಟು ಹಿಡಿದು ಬೀದಿ ತುಂಬಾ ಓಡಿದ ಕೈ. ನೀನು ಅದನ್ನು ಹತ್ತು, ಹದಿಮೂರು, ಹದಿನಾರು ಎಂದು ಬರೆದುಕೊಂಡೆ.

ನಮ್ಮ ಜಾಗದಲ್ಲಿ ಯಾರನ್ನು ಕೂರಿಸಿದ್ದೀಯೋ ಅವರನ್ನು ಎಬ್ಬಿಸು. ಐದು ದಿನದ ತರಬೇತಿ ಉಳಿದಿದ್ದರೂ ಸಾಕು, ಎರಡು ದಿನವಾದರೂ ಸಾಕು. ಎಬ್ಬಿಸಿದೆ ಎಂದು ಬರೆಯುವುದಾದರೆ ಬರೆ. ಇಲ್ಲದಿದ್ದರೆ ಬರೆಯಬೇಡ.


೯ ಜುಲೈ

ಅಕ್ಕಾ,

ಎಬ್ಬಿಸಲಿಲ್ಲ. ಆದರೂ ಬರೆಯುತ್ತಿದ್ದೇನೆ.

ಆ ಜಾಗದಲ್ಲಿದ್ದವಳು ಬ್ರೆಡ್ಡಿನ ಕಾರ್ಖಾನೆಯಲ್ಲಿ ಹಿಟ್ಟು ನಾದುವವಳು. ಹೆರಿಗೆಯಾದ ವಾರಕ್ಕೆ ಸ್ಟ್ರೋಕ್ ಆಯಿತು. ನಿನ್ನ ಪತ್ರ ಕೈಯಲ್ಲಿ ಹಿಡಿದೇ ವಾರ್ಡಿನ ಬಾಗಿಲವರೆಗೆ ಹೋದೆ, ಸುಳ್ಳು ಹೇಳುವುದಿಲ್ಲ. ಏನು ನೆಪ ಹೇಳಿ ಎಬ್ಬಿಸಲಿ ಎಂದು ಯೋಚಿಸುತ್ತಲೇ ಹೋದೆ. ಅವಳು ಸೋತ ಕೈಯಲ್ಲಿ ಮಗುವಿನ ಟೋಪಿಯ ದಾರ ಕಟ್ಟಲು ಒದ್ದಾಡುತ್ತಿದ್ದಳು. ನೋಡಿ ವಾಪಸ್ಸು ಬಂದೆ. ಅದಕ್ಕೆ ನೀನು ನನ್ನನ್ನು ಬಿಡುವುದಾದರೆ ಬಿಡು.

ಮೂರು ವಾರ ರಜೆ ಹಾಕಿದ್ದೇನೆ. ಜುಲೈ ಹದಿನೆಂಟಕ್ಕೆ ಚೀಲ ತೆಗೆದುಕೊಂಡು ಬರುತ್ತೇನೆ. ವಾರ್ಡಿನಲ್ಲಿ ಏನೇನು ಮಾಡಿಸುತ್ತೇವೋ ಅಷ್ಟನ್ನೂ ನಮ್ಮ ಮನೆಯಲ್ಲಿ ಮಾಡಿಸುತ್ತೇನೆ. ನೀನು ಬಾಗಿಲು ತೆಗೆಯದಿದ್ದರೆ ಭಾವ ತೆಗೆಯುತ್ತಾರೆ.

ತಂಗಿ


೨೫ ಆಗಸ್ಟ್

ಇಲಿಮರಿ,

ಮೂರು ವಾರ ಒಂದೇ ಮನೆಯಲ್ಲಿದ್ದು ನಿನ್ನ ಜೊತೆ ಒಂದು ಮಾತೂ ಆಡಲಿಲ್ಲ. "ಅವ್ಳಿಗೆ ಊಟಕ್ಕೆ ಬಾ ಅನ್ನಿ" ಎಂದು ಇವರ ಕೈಲೇ ಹೇಳಿಸಿದೆ. ನೀನೂ ಕಡಿಮೆಯೇನಿಲ್ಲ, "ಉಪ್ಪು ಸರಿಯಾಗಿದೆ ಅಂತ ಹೇಳಿ ಭಾವ" ಎನ್ನುತ್ತಿದ್ದೆ. "ನನ್ನ ಕೈ ಹೋಗಿರೋದು, ನಿಮ್ಮಿಬ್ಬರ ನಾಲಿಗೆ ಯಾಕೆ ಹೋಯ್ತು?" ಎಂದು ಇವರು ರೇಗಿದಾಗಲೂ ನಾನು ಜಗ್ಗಲಿಲ್ಲ. ನೀನು ಹೊರಟ ದಿನ ಬಾಗಿಲವರೆಗೂ ಬರಲಿಲ್ಲ. ಕೋಪ ಇನ್ನೂ ಇದೆ, ಇಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅಷ್ಟು ದಿನವೂ ಅವರ ಬಲಗೈಗೆ ಚೀಲ ಹಾಕಿ, ಮೊಣಕೈ ಹತ್ತಿರ ದಾರ ಬಿಗಿದು, ಆರು ಗಂಟೆ ಅವರ ಬೈಗುಳ ತಿಂದೂ ಬಿಡದೆ ಮಾಡಿಸಿದೆಯಲ್ಲ, ಅದನ್ನು ನೋಡದಿರಲು ನಾನು ಕುರುಡಿಯಲ್ಲ.

ನೀನು ಹೋದ ಮೇಲೂ ದಿನಾ ಕಟ್ಟುತ್ತಿದ್ದೇನೆ. ನಿನ್ನೆ ನರ್ಸಮ್ಮ ಬಂದು ವಾಚು ಹಿಡಿದರು. ನಾನು ಕೋಣೆಯಲ್ಲಿ ಇರಲಿಲ್ಲ, ಬಟ್ಟೆ ಒಣಗಿಸುವ ನೆಪದಲ್ಲಿ ಮಹಡಿಗೆ ಹೋದೆ.

ಹನ್ನೆರಡು.

ಹತ್ತಿದ್ದದ್ದು ಹನ್ನೆರಡಾಗಿದೆ. ಇದು ಏರಿದ್ದೋ ಅಲ್ಲವೋ? ನನ್ನ ಸಮಾಧಾನಕ್ಕೆ ಬರೆಯಬೇಡ. ಬೇರೆಯವರ ಮನೆಯ ಲೆಕ್ಕ ಎಂದುಕೊಂಡು ಬರೆ.

ಅಕ್ಕ


೩೧ ಆಗಸ್ಟ್

ಅಕ್ಕಾ,

ಏರಿದ್ದಲ್ಲ.

ಒಂದೇ ಕೈಯನ್ನು ಇವತ್ತು, ನಾಳೆ, ನಾಡಿದ್ದು ಅಳೆದರೂ ಎರಡು ಮೂರು ತುಂಡು ಹೆಚ್ಚು ಕಡಿಮೆ ಬರುತ್ತದೆ. ನಿದ್ದೆ ಚೆನ್ನಾಗಿ ಬಂದ ದಿನ ಒಂದು ಹೆಚ್ಚು, ಚಳಿಯ ದಿನ ಒಂದು ಕಡಿಮೆ. ಐದಾರು ಏರಿದರೆ ಮಾತ್ರ ನಾವು ಅದನ್ನು ಕೈ ಸುಧಾರಿಸಿದ್ದು ಎಂದು ಬರೆದುಕೊಳ್ಳುತ್ತೇವೆ. ಹನ್ನೆರಡನ್ನು ಹಾಗೆ ಬರೆದುಕೊಳ್ಳಲು ಆಗುವುದಿಲ್ಲ. ಇಷ್ಟು ತಿಂಗಳು ಕಳೆದ ಮೇಲೆ, ಮೂರು ವಾರ ಅಷ್ಟು ಮಾಡಿಸಿದ ಮೇಲೂ ಇಷ್ಟೇ ಎಂದರೆ, ಕುಂಚ ಹಿಡಿದು ನೆಗೆಟಿವ್ ಮೇಲೆ ಕಣ್ಣು ಬರೆಯುವ ಕೈ ತಿರುಗಿ ಬರುವುದಿಲ್ಲ. ಜೂನಿನಲ್ಲೇ ವಾರ್ಡಿಗೆ ಬಂದಿದ್ದರೆ ಬರುತ್ತಿತ್ತೇ ಎಂದು ನೀನು ಕೇಳುವುದಿಲ್ಲ, ನನಗೆ ಗೊತ್ತು. ನಾನು ದಿನಾ ಕೇಳಿಕೊಳ್ಳುತ್ತೇನೆ. ಉತ್ತರ ನನಗೂ ಗೊತ್ತಿಲ್ಲ, ಯಾವತ್ತೂ ಗೊತ್ತಾಗುವುದಿಲ್ಲ.

ಇದನ್ನು ಭಾವನಿಗೆ ಹೇಳಬೇಕು. ನಾನೇ ಬಂದು ಹೇಳಲೇ, ನೀನು ಹೇಳುತ್ತೀಯಾ?

ತಂಗಿ


೬ ಸೆಪ್ಟೆಂಬರ್

ಇಲಿಮರಿ,

ಅಂಚೆಯವರು ನಿನ್ನ ಪತ್ರ ಕೊಟ್ಟಾಗ ಇವರ ಬಲಗೈ ಚೀಲದಲ್ಲಿತ್ತು. ಆ ದಿನದ ಆರು ಗಂಟೆಯಲ್ಲಿ ಇನ್ನೂ ಎರಡು ಗಂಟೆ ಬಾಕಿ. ನಾನು ಅಡುಗೆಮನೆಗೆ ಹೋಗಿ ಓದಿಕೊಂಡು, ಒಲೆಯ ಮುಂದೆ ನಿಂತೇ ಇದ್ದೆ. ಒಲೆಗೆ ಹಾಕಿಬಿಡಲೇ ಎನ್ನಿಸಿದ್ದು ನಿಜ.

"ಅವಳದ್ದಾ? ಇಲ್ಲಿ ಬಂದು ಓದು" ಎಂದರು.

ಒಂದು ಸಾಲೂ ಬಿಡದೆ ಓದಿದೆ. ಕಿಟಕಿಯ ಆಚೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು, ಅದು ಮುಗಿಯುವವರೆಗೂ ಇವರು ಕೇಳಿಸಿಕೊಂಡು ಕೂತರು. ಆಮೇಲೆ ಚೀಲದ ಕೈಯನ್ನು ನನ್ನ ಮುಂದೆ ಚಾಚಿದರು.

"ಬಿಚ್ಚು."

"ಇನ್ನೂ ಎರಡು ಗಂಟೆ ಇದೆ ಕಣ್ರೀ."

"ಬಿಚ್ಚೇ. ಸತ್ತವನಿಗೋಸ್ಕರ ಬದುಕಿರೋನ್ನ ಕಟ್ಟಿಹಾಕಿದ್ದೀವಿ."

ದಾರ ಗಂಟು ಬಿದ್ದಿತ್ತು. ಉಗುರಿಗೆ ಬರಲಿಲ್ಲ. ಅವರ ಮುಂದೆ ನೆಲದ ಮೇಲೆ ಕೂತು ಹಲ್ಲಿನಿಂದ ಕಚ್ಚಿ ಬಿಡಿಸಬೇಕಾಯಿತು. ಅಷ್ಟು ದಿನ ತಡೆದದ್ದೆಲ್ಲ ಆಗ ಬಂತು, ದಾರ ಕಚ್ಚಿಕೊಂಡೇ ಅತ್ತೆ. ಬಲಗೈ ನನ್ನ ಬಾಯ ಹತ್ತಿರ ಕಟ್ಟಿಕೊಂಡೇ ಇತ್ತಲ್ಲ, ನನ್ನನ್ನು ಸುಮ್ಮನಿರಿಸಲು ಅವರ ಹತ್ತಿರ ಇದ್ದದ್ದು ಎಡಗೈ ಒಂದೇ. ಅದು ತೊಡೆಯಿಂದ ಒಂದು ಗೇಣು ಎದ್ದಿತು, ನಡುಗುತ್ತಾ ನನ್ನ ತಲೆಯ ಕಡೆ ಬಂತು, ಅಲ್ಲಿಗೇ ನಿಂತಿತು. ಇನ್ನು ನಾಲ್ಕು ಬೆರಳಿನಷ್ಟು ದೂರ.

ನಾನೇ ತಲೆ ಬಗ್ಗಿಸಿ ಅದರ ಕೆಳಗೆ ಇಟ್ಟೆ.

ನಿನ್ನ ಅಕ್ಕ